ಪರಹಸ್ತ

ಪುಸ್ತಕವನ್ನು ಪರರಿಗೆ ಎರವಲು ಕೊಡಕೂಡದೆಂಬುದು ನಮ್ಮ ತಂದೆಯವರು ತಮ್ಮ ಜೀವಮಾನದಲ್ಲಿ ಚ್ಯುತಿಯಿಲ್ಲದೆ ಪಾಲಿಸಿಕೊಂಡು ಬಂದ ಕೆಲವೇ ನಿಯಮಗಳಲ್ಲಿ ಒಂದಾಗಿದ್ದಿತು. ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಸಣ್ಣ ಗ್ರಾಮದ ಶಾನುಭೋಗಿಕೆಯಿಂದ ಬರುತ್ತಿದ್ದ ಅಲ್ಪಸ್ವಲ್ಪ ವರಮಾನದಲ್ಲಿ ಏಳು ಜನರ ಸಂಸಾರವನ್ನು ತೂಗಿಸಿ, ಮಿಕ್ಕ ಕಾಸುಗಳನ್ನು ಕೂಡಿಸಿ, ವರ್ಷಕ್ಕೆ ಒಂದೋ ಎರಡೋ ಪುಸ್ತಕವನ್ನು ಮೈಸೂರಿನಿಂದ ತರಿಸಿ, ಖಿರ್ದಿ ಪುಸ್ತಕಗಳೂ ಪಹಣಿಯ ಕಟ್ಟುಗಳೂ ಇದ್ದ ಬೀರುವಿನ ಮೇಲಂತಸ್ತಿನಲ್ಲಿ ಇರಿಸಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದ ಅವರಿಗೆ, ಪರಹಸ್ತಕ್ಕೆ ಹೋದ ಪುಸ್ತಕ ಹೋದಂತೆಯೇ ಲೆಕ್ಕವೆಂಬ ಹಳೆಯ ಮಾತು ವೇದವಾಕ್ಯಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚು ತೂಕದ್ದಾಗಿಯೇ ತೋರುತ್ತಿದ್ದಿರಬೇಕು. ಆ ನಿಯಮವನ್ನು ಅವರು ಮುರಿದದ್ದು ಒಮ್ಮೆ ಮಾತ್ರ. 1953ರಲ್ಲಿ ನಮ್ಮ ಅಕ್ಕಯ್ಯ ಮದುವೆಯಾಗಿ ನಾಗಮಂಗಲಕ್ಕೆ ಹೊರಟಾಗ, ಮಡಿಲು ತುಂಬುವ ಹೊತ್ತಿನಲ್ಲಿ, ಸೀರೆಯನ್ನೂ ಬೆಳ್ಳಿಯ ಬಟ್ಟಲನ್ನೂ ಪಕ್ಕಕ್ಕೆ ಸರಿಸಿ, ಬೀರುವಿನಲ್ಲಿದ್ದ ‘ಮೈಸೂರ ಮಲ್ಲಿಗೆ’ಯನ್ನು ಅವಳು ಬೇಡಿದಳು. ಹೆಣ್ಣುಮಗಳು ಹೊಸಲು ದಾಟುವಾಗ ಕೇಳಿದುದನ್ನು ಇಲ್ಲವೆನ್ನಬಾರದಷ್ಟೆ. ತಂದೆಯವರು ಕೊಟ್ಟರು; ಆದರೆ ‘ಇದು ಎರವಲು’ ಎಂದು ಎಲ್ಲರೆದುರಿಗೆ ಹೇಳಿಯೇ ಕೊಟ್ಟರು.

ಆ ಪುಸ್ತಕದ ಮೇಲೆ ನಮ್ಮ ಸೀಮೆಯವರಿಗಿದ್ದ ಮಮತೆಯನ್ನು ಇಂದಿನವರಿಗೆ ವಿವರಿಸುವುದು ಕಷ್ಟ. ಅದು ಅಚ್ಚಾದದ್ದು 1942ರಲ್ಲಿ; ಅದರ ಕವಿ ಕೆ. ಎಸ್. ನರಸಿಂಹಸ್ವಾಮಿಯವರು ಹುಟ್ಟಿದ್ದು 1915ರಲ್ಲಿ, ನಮ್ಮೂರಿಗೆ ಎರಡು ಹರಿದಾರಿ ದೂರದ ಕಿಕ್ಕೇರಿಯಲ್ಲಿ. ಕಿಕ್ಕೇರಿಯೆಂದರೆ ನಮಗೆ ಅದುವರೆಗೆ ಅಮಾನಿಕೆರೆ, ಕಿಕ್ಕೇರಮ್ಮನ ಗುಡಿ ಮತ್ತು ಹೊಯ್ಸಳರ ಕಾಲದ ಬ್ರಹ್ಮೇಶ್ವರನ ದೇವಾಲಯ, ಇಷ್ಟೆ. ಕವಿಗಳೆಂಬವರು ಎಲ್ಲೋ ದೂರದಲ್ಲಿ, ಬಹುಶಃ ಕಾಶ್ಮೀರದಲ್ಲಿಯೋ ಉಜ್ಜಯಿನಿಯಲ್ಲಿಯೋ ಹುಟ್ಟುವವರೆಂದು ತಿಳಿದಿದ್ದ ನಮಗೆ, ನಮ್ಮದೇ ಕೆರೆಯ ಏರಿ, ನಮ್ಮದೇ ಎತ್ತಿನಗಾಡಿ, ನಮ್ಮದೇ ಮನೆಯ ಅಳಿಯಂದಿರ ಬಿಂಕ, ಅಷ್ಟೇಕೆ, ಶಾನುಭೋಗರ ಮಗಳೂ ಪದ್ಯದೊಳಗೆ ಬರಬಹುದೆಂಬ ಸಂಗತಿಯು ಒಂದು ಬಗೆಯ ಸಂಕೋಚವನ್ನೂ ಅದಕ್ಕಿಂತ ಮಿಗಿಲಾದ ಹೆಮ್ಮೆಯನ್ನೂ ತಂದಿತ್ತು.

ಎರವಲು ಹೋದ ಪುಸ್ತಕ ಆರು ವರ್ಷಗಳ ಮೇಲೆ, ಅಕ್ಕಯ್ಯ ಎರಡನೆಯ ಬಾಣಂತನಕ್ಕೆ ಬಂದಾಗ, ಅವಳ ಟ್ರಂಕಿನಲ್ಲಿ ಕೂಸಿನ ಕುಲಾವಿಗಳ ಅಡಿಯಲ್ಲಿ ಮರಳಿ ಬಂದಿತು. ಆಗ ನಾನು ಮೈಸೂರಿನಲ್ಲಿ ಓದುತ್ತಿದ್ದೆ. ಸಾಹಿತ್ಯವೆಂದರೆ ಏನೆಂಬುದು ನನಗೆ ಗೊತ್ತಾಗಿಬಿಟ್ಟಿದೆಯೆಂಬ ಭ್ರಮೆಯ ವಯಸ್ಸು ಅದು. ಪುಟ ತೆರೆದು ನೋಡುತ್ತೇನೆ: ಪದ್ಯಗಳ ಅಂಚಿನಲ್ಲೆಲ್ಲ ಸೀಸದಕಡ್ಡಿಯ ಗುರುತುಗಳು! ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು, ಯಾವ ಪಾದವನ್ನು ಎರಡು ಸಲ ಹೇಳಬೇಕು ಎಂಬುದಕ್ಕೆ ಅವಳೇ ಕಲ್ಪಿಸಿಕೊಂಡ ಸೊನ್ನೆ, ಗೆರೆ, ಗುಣಾಕಾರ ಚಿಹ್ನೆಗಳು. ಎರಡು ಮೂರು ಕಡೆ ‘ಅಜ್ಜಿ ಧಾಟಿ’ ಎಂಬ ಬರಹ. ಇಷ್ಟಾಗಿದ್ದರೆ ಕ್ಷಮಿಸಬಹುದಾಗಿತ್ತು. ಒಂದು ಪದ್ಯದಲ್ಲಿ, ಅಚ್ಚಿನ ಮಾತೊಂದರ ಕೆಳಗೆ ಗೆರೆಯೆಳೆದು, ಮೇಲೆ ತನ್ನದೇ ಇನ್ನೊಂದು ಮಾತನ್ನು ಬರೆದಿದ್ದಳು. ಕವಿಯ ಶಬ್ದವನ್ನು ತಿದ್ದುವ ಅಧಿಕಾರವನ್ನು ನಾಗಮಂಗಲದ ಅಡುಗೆಮನೆಯಲ್ಲಿ ಕುಳಿತ ನಮ್ಮ ಅಕ್ಕಯ್ಯನಿಗೆ ಕೊಟ್ಟವರಾರು? ಅವಳು ಎಣ್ಣೆನೀರಿನ ಮೇಲೆ ಮಲಗಿದ್ದ ಒಂದು ಮಧ್ಯಾಹ್ನ, ನಾನು ನಡುಮನೆಯಲ್ಲಿ ಕುಳಿತು, ರಬ್ಬರು ಹಿಡಿದು, ಆ ಗುರುತುಗಳನ್ನು ಒಂದೊಂದಾಗಿ ಅಳಿಸಿಹಾಕಿದೆ. ಕೃತಿಯು ಕರ್ತೃವಿನ ಕೈಬಿಟ್ಟಾಗ ಹೇಗಿತ್ತೋ ಹಾಗೆಯೇ ಇರತಕ್ಕದ್ದು, ಅನ್ಯರ ಬೆರಳು ಸೋಕಿದರೆ ಅದು ಮೈಲಿಗೆ ಎಂಬ ಶ್ರದ್ಧೆ ನನ್ನಲ್ಲಿ ಬಲವಾಗಿ ಬೇರೂರಿದ್ದ ಕಾಲವದು.

ಆ ಶ್ರದ್ಧೆಯ ಬೀಜ ಬಿದ್ದದ್ದು ಶ್ರೀರಂಗಪಟ್ಟಣದಲ್ಲಿ.

ಮಾಧ್ಯಮಿಕ ಶಾಲೆಯ ಕೊನೆಯ ವರ್ಷದಲ್ಲಿ ನಮ್ಮನ್ನು ಒಂದು ಬಸ್ಸಿಗೆ ತುಂಬಿ, ಚಿನಕುರಳಿಯ ಮೇಲೆ ಪಾಂಡವಪುರ ದಾಟಿಸಿ, ಪಟ್ಟಣಕ್ಕೆ ಕರೆದೊಯ್ದಿದ್ದರು. (ಪಾಂಡವಪುರವನ್ನು ನಮ್ಮ ಮೇಷ್ಟರು ಆಗಲೂ ಫ್ರೆಂಚ್‌ರಾಕ್ಸ್ ಎಂದೇ ಕರೆಯುತ್ತಿದ್ದರು, ಹೈದರ್ ಟಿಪ್ಪುಗಳ ಪಕ್ಷದ ಫ್ರೆಂಚ್ ದಂಡು ಅಲ್ಲಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು. ಕುಂತಿಬೆಟ್ಟದ ಬಂಡೆಗಳಿಗೆ ಪಾಂಡವರೂ ಫ್ರೆಂಚರೂ ಒಟ್ಟಿಗೆ ವಾರಸುದಾರರಾಗಿರುವುದನ್ನು ನೆನೆದರೆ ನನಗೆ ಇಂದಿಗೂ ನಗು ಬರುತ್ತದೆ.) ರಂಗನಾಥನ ದರ್ಶನವಾಯಿತು, ಪುಳಿಯೋಗರೆಯಾಯಿತು, ಇಳಿಹೊತ್ತಿನಲ್ಲಿ ದರಿಯಾ ದೌಲತ್ ತೋಟಕ್ಕೆ ಹೋದೆವು. 1784ರಲ್ಲಿ ಕಟ್ಟಿಸಿದ ಈ ಬೇಸಗೆಯರಮನೆ ಹೊರಗಿನಿಂದ ನೋಡಿದರೆ ಅರಮನೆಯಂತಿಲ್ಲ; ಬಿಸಿಲಿಗೆ ಬಿಟ್ಟ ಹಸುರು ಪರದೆಗಳ ಹಿಂದೆ ಅಡಗಿದ ದೊಡ್ಡದೊಂದು ತೊಟ್ಟಿಯಂತಿದೆ. ಆದರೆ ಆ ಪರದೆಯನ್ನು ಸರಿಸಿ ಪಡುವಣ ಗೋಡೆಯ ಮುಂದೆ ನಿಂತ ಹಳ್ಳಿಯ ಹುಡುಗನಿಗೆ, ನೆಲದಿಂದ ಸೂರಿನವರೆಗೆ ಅಂಗುಲವೂ ಬರಿದಾಗಿರದಂತೆ ಕಿಕ್ಕಿರಿದ ಆ ಕುದುರೆ, ಆನೆ, ಕಾಲಾಳು, ಕತ್ತಿ, ಹೊಗೆಗಳ ಸಮುದ್ರವು ಒಮ್ಮೆಲೇ ಮೈಮೇಲೆ ಬಂದಾಗ, ಉಸಿರು ಒಂದು ಕ್ಷಣ ಎಲ್ಲಿಯೋ ಸಿಕ್ಕಿಕೊಳ್ಳುತ್ತದೆ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ನಡೆದ ಯುದ್ಧ ಅದು. ಕರ್ನಲ್ ಬೇಯ್ಲಿಯ ದಂಡು ನುಚ್ಚುನೂರಾದ ದಿವಸ. ಕೆಂಪು ಅಂಗಿಯ ಸೈನಿಕರು ಚೌಕವಾಗಿ ನಿಂತಿದ್ದಾರೆ; ಆ ಚೌಕದ ನಡುವೆ ಮದ್ದಿನ ಬಂಡಿಯೊಂದು ಸಿಡಿದು ಬೆಂಕಿಯ ಹೂವಾಗಿದೆ; ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿ ಬೆರಳನ್ನು ಬಾಯಿಗಿಟ್ಟುಕೊಂಡಿದ್ದಾನೆ. ಸುತ್ತ ಇಷ್ಟೆಲ್ಲ ರುಂಡಗಳು ಉರುಳುತ್ತಿರುವಾಗ ಟಿಪ್ಪುವಾದರೋ ಒಂದು ಗುಲಾಬಿಯನ್ನು ಮೂಸುತ್ತಿದ್ದಾನೆ. ಇನ್ನು ಹೊತ್ತುಮೀರಿ ಬಂದ ನಿಜಾಮನ ಪಕ್ಕದಲ್ಲಿ ಚಿತ್ರಕಾರನು ಹಸುವನ್ನೂ ಹಂದಿಯನ್ನೂ ಬರೆದು ಮಾಡಿರುವ ಅಪಹಾಸ್ಯವು, ನಮ್ಮ ಹಳ್ಳಿಯ ಅರಳಿಕಟ್ಟೆಯ ಮೇಲೆ ಕುಳಿತು ಮಾಡಬಹುದಾದಷ್ಟು ಒರಟು. ಆ ಚಿತ್ರದಲ್ಲಿ ನೆರಳಿಲ್ಲ, ದೂರ ಹತ್ತಿರಗಳ ಪ್ರಮಾಣವಿಲ್ಲ, ಗಾಯಗೊಂಡವರ ಮುಖದಲ್ಲಿ ನೋವು ಕೂಡ ಇಲ್ಲ. ಆದರೂ ಅದೊಂದು ಮಹಾಕೃತಿಯೆಂದು ನಾನು ಆ ವಯಸ್ಸಿನಲ್ಲಿಯೇ ತೀರ್ಮಾನಿಸಿದೆ. ಆ ತೀರ್ಮಾನವನ್ನು ಬದಲಿಸಲು ಇದುವರೆಗೂ ಕಾರಣ ಸಿಕ್ಕಿಲ್ಲ. ನಡುವೆ ಸಿಕ್ಕಿತೆಂದುಕೊಂಡಿದ್ದೆ, ಅಷ್ಟೆ.

ಸಿಕ್ಕಿದ್ದು ಕಾಲೇಜಿನ ಗ್ರಂಥಾಲಯದಲ್ಲಿ, ರೈಸ್ ಅವರ ಮೈಸೂರು ಗೆಜೆಟಿಯರಿನ ಪುಟಗಳಲ್ಲಿ. 1799ರ ಮುತ್ತಿಗೆಗೆ ಮುನ್ನವೇ ಆ ಚಿತ್ರ ಕೆಟ್ಟುಹೋಗಿತ್ತಂತೆ. ಪಟ್ಟಣ ಬಿದ್ದಮೇಲೆ ದರಿಯಾ ದೌಲತ್ತಿನಲ್ಲಿ ವಾಸಕ್ಕೆ ನಿಂತ ಕರ್ನಲ್ ವೆಲ್ಲೆಸ್ಲಿ, ಎಂದರೆ ಮುಂದೆ ಡ್ಯೂಕನಾಗಿ ನೆಪೋಲಿಯನ್ನನನ್ನು ಸೋಲಿಸಿದಾತ, ಅದಕ್ಕೆ ಮತ್ತೆ ಬಣ್ಣ ತುಂಬಿಸಿದ. ಆ ಬಳಿಕ ಮತ್ತೆ ಸುಣ್ಣ ಬಳಿದು ಅದು ಬಹುಮಟ್ಟಿಗೆ ಮರೆಯಾಗಿರಲು, ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಪ್ರವಾಸ ಬಂದ ಲಾರ್ಡ್ ಡಾಲ್‌ಹೌಸಿಯ ಆಜ್ಞೆಯಂತೆ, ಮೂಲಚಿತ್ರವನ್ನು ನೆನಪಿನಲ್ಲಿ ಉಳಿಸಿಕೊಂಡಿದ್ದ ದೇಶೀಯ ಚಿತ್ರಗಾರನೊಬ್ಬ ಅದನ್ನು ಪುನಃ ಬರೆದ. ಗೆದ್ದವನು ತನ್ನವರ ಸೋಲಿನ ಚಿತ್ರಕ್ಕೆ ತಾನೇ ಬಣ್ಣ ಹಾಕಿಸಿದ ಈ ವಿಚಿತ್ರವನ್ನು ಮೆಚ್ಚುವ ವ್ಯವಧಾನ ನನಗೆ ಆಗ ಇರಲಿಲ್ಲ. ನಾನು ಬಾಲ್ಯದಲ್ಲಿ ಉಸಿರು ಕಟ್ಟಿ ನೋಡಿದ್ದು ಮೂಲವಲ್ಲ, ಪ್ರತಿಯ ಪ್ರತಿ. ಆ ಗುಲಾಬಿ ಮೂರನೆಯವನು ಬರೆದ ಗುಲಾಬಿ. ಯಾರೋ ನನ್ನ ಜೇಬಿಗೆ ಸವಕಲು ನಾಣ್ಯ ಹಾಕಿ ಕಳುಹಿಸಿದಂತಾಯಿತು. ಅದಾದ ಒಂದು ತಿಂಗಳಿಗೇ ಅಕ್ಕಯ್ಯನ ಟ್ರಂಕಿನಿಂದ ಆ ಪುಸ್ತಕ ಹೊರಬಿದ್ದಿತೆಂಬುದನ್ನು ನೆನೆದರೆ, ನನ್ನ ಕೈಯಲ್ಲಿದ್ದ ರಬ್ಬರಿನ ರೋಷಕ್ಕೆ ಕಾರಣ ಸ್ಪಷ್ಟವಾದೀತು.

ಶುದ್ಧಿಯ ಈ ಹಟ ಹತ್ತಾರು ವರ್ಷ ನನ್ನನ್ನು ಆಳಿತು. ಕೃಷ್ಣರಾಜಪೇಟೆಗೆ ಎರಡು ಮೈಲಿಯ ಹೊಸಹೊಳಲಿನಲ್ಲಿ ಲಕ್ಷ್ಮೀನಾರಾಯಣನ ದೇವಾಲಯವಿದೆ. ಹದಿಮೂರನೆಯ ಶತಮಾನದ ನಡುವಿನದು, ತ್ರಿಕೂಟಾಚಲ. ಒಳಗೆ ತಿರುಗಣೆಗೆ ಹಿಡಿದು ಕಡೆದ ಕಂಬಗಳು. ಹೊರಗೆ, ಎತ್ತರದ ಜಗತಿಯ ಮೇಲೆ ನಡೆಯುತ್ತ ಹೋದಂತೆ, ಆನೆಯ ಸಾಲು, ಕುದುರೆಯ ಸಾಲು, ಬಳ್ಳಿಯ ಸಾಲು, ಅದರ ಮೇಲೆ ರಾಮಾಯಣ ಭಾರತ ಭಾಗವತಗಳ ಕತೆಯ ಸಾಲು. ಬೇಲೂರು ಹಳೇಬೀಡುಗಳ ವೈಭವದೊಡನೆ ಹೋಲಿಸಿದರೆ ಇದು ಸಣ್ಣದು; ಆದರೆ ಸಣ್ಣದಾದುದರಿಂದಲೇ ಇದು ಕೈಗೆ ಎಟಕುವಂಥದು. ಬಳಪದ ಕಲ್ಲಿನ ಆ ಕತೆಯ ಸಾಲು ಸಣ್ಣ ಹುಡುಗನ ಕಣ್ಣಿನ ಮಟ್ಟಕ್ಕೇ ಓಡುತ್ತದೆ. ಪ್ರದಕ್ಷಿಣೆ ಮಾಡುತ್ತ ಓದಬೇಕಾದ ಪುಸ್ತಕ ಅದು. ನಮ್ಮ ಅಜ್ಜಿ ಅದನ್ನು ಓದುತ್ತಿದ್ದ ಕ್ರಮವೇ ಬೇರೆ. ಅಕ್ಷರ ಬಾರದ ಆಕೆಗೆ ಕೆತ್ತನೆಯಲ್ಲಿ ಕಾಣುವುದಕ್ಕೂ ತನ್ನ ಬಾಯಿಂದ ಬರುವುದಕ್ಕೂ ತಾಳೆಯಾಗಬೇಕೆಂಬ ನಿರ್ಬಂಧವಿರಲಿಲ್ಲ. ಯಾವುದೋ ಸೇನೆಯ ಸಾಲು ಆಕೆಗೆ ಮಿಥಿಲೆಗೆ ಹೊರಟ ಗಂಡಿನ ಕಡೆಯ ದಿಬ್ಬಣ. ಯಾವುದೋ ಋಷಿಯ ಆಶ್ರಮ ಸೀತೆಯ ಬಾಣಂತನದ ಕೋಣೆ. ಬೆಳೆದು ಬುದ್ಧಿವಂತನಾದ ಮೇಲೆ, ಶಿಲ್ಪವನ್ನು ಬಲ್ಲವರು ಬರೆದುದನ್ನು ಹಿಡಿದುಕೊಂಡು ಹೋಗಿ, ಅಜ್ಜಿ ಹೇಳಿದುದೆಲ್ಲ ತಪ್ಪೆಂದು ಫಲಕ ಫಲಕವಾಗಿ ಸಾಧಿಸಿ ಬಂದೆ. ಆಗ ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ವಾದದಲ್ಲಿ ನನಗೆ ಎದುರಾಳಿಯೇ ಇರಲಿಲ್ಲ.

ಅದೇ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರನನ್ನು ಮಾತ್ರ ಆ ದಿನಗಳಲ್ಲಿ ನಾನು ಹೆಚ್ಚು ಆದರಿಸಿದೆ. ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ ನಿಂತಿರುವ ಅಪೂರ್ವ ರಚನೆಗಿಂತಲೂ, ರೂವಾರಿ ಮಲ್ಲಿತಮ್ಮನು ದ್ವಾರಪಾಲಕನ ಪೀಠದಲ್ಲಿ ತನ್ನ ಹೆಸರು ಕೊರೆದಿಟ್ಟದ್ದೇ ನನಗೆ ಸಮಾಧಾನ ತಂದಿದ್ದಿತು. ಇದು ಇಂಥವನ ಕೆಲಸವೆಂದು ಕಲ್ಲೇ ಹೇಳುತ್ತಿರುವಾಗ ಸಂದೇಹಕ್ಕೆ ಎಡೆಯೆಲ್ಲಿ?

ಆದರೆ ನಾಗಮಂಗಲ ನನ್ನ ಹಟಕ್ಕೆ ಒಗ್ಗಿಬರಲಿಲ್ಲ. ಅಕ್ಕಯ್ಯನನ್ನು ನೋಡಲು ಹೋದಾಗಲೆಲ್ಲ ಸೌಮ್ಯಕೇಶವನ ಗುಡಿಗೆ ಹೋಗುವುದು ರೂಢಿ. ತಳಪಾದಿ ಹೊಯ್ಸಳರದು, ಮುಂದಿನ ಮಹಾದ್ವಾರ ಅನಂತರದವರದು; ಎಲ್ಲಿ ಒಬ್ಬರ ಕೈ ಮುಗಿದು ಇನ್ನೊಬ್ಬರದು ಮೊದಲಾಯಿತೆಂದು ಗೆರೆಯೆಳೆಯಲು ಹೊರಟು ಅನೇಕ ಸಾಯಂಕಾಲಗಳನ್ನು ಕಳೆದೆ; ಆ ದೇವರು ಮಾತ್ರ ಹೆಸರಿಗೆ ತಕ್ಕ ಸೌಮ್ಯಭಾವದಿಂದ ನನ್ನ ಶ್ರಮವನ್ನು ನೋಡುತ್ತಿದ್ದ. ಒಮ್ಮೆ ನಮ್ಮ ತಾಯಿಯ ಕಾಲದ, ತಟ್ಟೆ ಬಿರಿದುಹೋಗಿದ್ದ ಕಾಲುದೀಪವೊಂದನ್ನು ರಿಪೇರಿಗೆಂದು ಅಲ್ಲಿಗೆ ಒಯ್ದಿದ್ದೆ. ನಾಗಮಂಗಲ ಹಿತ್ತಾಳೆಯ ಕೆಲಸಕ್ಕೆ ಹೆಸರಾದ ಊರಷ್ಟೆ. ಎರಕದವರು ಅದನ್ನು ತಿರುಗಿಸಿ ನೋಡಿ, ಬೆಸುಗೆ ನಿಲ್ಲುವುದಿಲ್ಲ, ಕರಗಿಸಿ ಹೊಸದಾಗಿ ಹುಯ್ಯಬೇಕು ಎಂದರು. ನಾನು ಅನುಮಾನಿಸಿದೆ. ‘ಅದೇ ಹಿತ್ತಾಳೆ ಸ್ವಾಮಿ, ಎಲ್ಲೂ ಹೋಗಕಿಲ್ಲ’ ಎಂದರು ಆ ವೃದ್ಧರು. ಒಂದು ವಾರದ ಮೇಲೆ ದೀಪ ಬಂದಿತು. ಹಳೆಯದಕ್ಕಿಂತ ಅರ್ಧ ಗೇಣು ಗಿಡ್ಡ. ನಮ್ಮ ತಾಯಿ ಅದನ್ನು ಹಳೆಯ ದೀಪವೆಂದೇ ಕೊನೆಯವರೆಗೂ ಕರೆದರು.

ನನ್ನ ನಂಬಿಕೆಯ ಬುಡಕ್ಕೆ ನಿಜವಾಗಿ ಪೆಟ್ಟು ಬಿದ್ದದ್ದು ಮೇಲುಕೋಟೆಯಲ್ಲಿ. ಪು. ತಿ. ನರಸಿಂಹಾಚಾರ್ಯರ ‘ಗೋಕುಲ ನಿರ್ಗಮನ’ವನ್ನು ನಾನು ಹಲವು ಸಲ ಓದಿದ್ದೆ, 1945ರಲ್ಲಿ ಹೊರಬಂದ ಆ ಗೀತನಾಟಕವನ್ನು ಕಣ್ಣಿನಿಂದ ಓದಿ, ಇದು ಸೊಗಸಾದರೂ ತೆಳು, ಕೃಷ್ಣನು ಗೋಕುಲ ಬಿಟ್ಟುಹೋಗುವ ಇಷ್ಟು ದೊಡ್ಡ ಸಂಗತಿಗೆ ಈ ಸಣ್ಣ ಸಣ್ಣ ಪಂಕ್ತಿಗಳು ಸಾಲವು ಎಂದು ನಿರ್ಣಯಿಸಿದ್ದೆ. ಕವಿಯು ತಾವೇ ಹಾಡುಗಳಿಗೆ ರಾಗಗಳನ್ನು ಯೋಚಿಸಿ ನಿಯೋಜಿಸಿದ್ದನ್ನು ಅಚ್ಚಿನಲ್ಲಿ ಕಂಡೂ, ಗಾಡಿಯ ಮೇಲೆ ಬರೆದ ಊರಿನ ಹೆಸರನ್ನು ನೋಡುವಂತೆ ನೋಡಿ ಮುಂದೆ ಹೋಗಿದ್ದೆ. ಒಂದು ವೈರಮುಡಿಯ ಮರುದಿನ, ಜನಜಂಗುಳಿ ಕರಗಿದ ಮೇಲೆ, ರಾಯಗೋಪುರದ ನಾಲ್ಕು ಕಂಬಗಳ ನಡುವೆ ಕುಳಿತಿದ್ದೆ. ಮೇಲೆ ಗೋಪುರವಿಲ್ಲ; ಅದು ಎಂದೂ ಏಳಲಿಲ್ಲ. ಗೋಪುರವಿಲ್ಲದ ಗೋಪುರಕ್ಕೆ ಆ ಹೆಸರು ಸಂದದ್ದೂ ಸಂದಿತು, ಅದರ ಎಡೆಯಿಂದ ಕಾಣುವಷ್ಟು ಆಕಾಶ ನಾನು ಬೇರೆಲ್ಲಿಯೂ ಕಂಡಿಲ್ಲ. ಆಗ ಪಕ್ಕದಲ್ಲಿ, ಊರಿನವರೇ ಇರಬೇಕು, ಅರವತ್ತು ದಾಟಿದ ಒಬ್ಬರು ಕಂಬಕ್ಕೆ ಒರಗಿ, ಯಾರಿಗೂ ಅಲ್ಲದೆ, ಆ ನಾಟಕದ ಹಾಡೊಂದನ್ನು ಗುನುಗತೊಡಗಿದರು. ಶಾರೀರ ಒಡೆದಿತ್ತು, ಶ್ರುತಿ ಎಲ್ಲಿಯೋ ಇತ್ತು. ಆದರೆ ನಾನು ತೆಳುವೆಂದು ತಿಳಿದಿದ್ದ ಆ ಸಾಲುಗಳು ಬೇಕೆಂದೇ ಜಾಗ ಬಿಟ್ಟುಕೊಂಡು ನಿಂತಿದ್ದವೆಂಬುದು, ರಾಗ ಒಳಹೊಕ್ಕು ಆ ಜಾಗವನ್ನು ತುಂಬಿದಾಗ ಅರ್ಥವಾಯಿತು. ಹಾಡುವವನ ಉಸಿರಿಗೆಂದು ಬಿಟ್ಟ ಸ್ಥಳವನ್ನು ನಾನು ಬಡತನವೆಂದು ಎಣಿಸಿದ್ದೆ.

ಇಷ್ಟು ಹೊಳೆದ ಮೇಲೆ ಉಳಿದುದು ತಾನಾಗಿ ಸಡಿಲವಾಯಿತು. ಹೊಸಗನ್ನಡ ಕವಿತೆಗೆ ದಾರಿ ತೆರೆದ ಬಿ. ಎಂ. ಶ್ರೀಕಂಠಯ್ಯನವರು ನಾಗಮಂಗಲದ ಬೆಳ್ಳೂರಿನವರು; ಆ ದಾರಿಯನ್ನು ತೆರೆದದ್ದು ‘ಇಂಗ್ಲಿಷ್ ಗೀತಗಳು’ ಎಂಬ, ಪರರ ಕವಿತೆಗಳನ್ನು ಕನ್ನಡದ ಕೊರಳಿಗೆ ಕೂಡಿಸಿದ ಪುಸ್ತಕ. ನಮ್ಮ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರು ಫ್ರಾನ್ಸಿನ ಮೋಲಿಯೇರನ ಕಪಟಿಯನ್ನು ‘ಆಷಾಢಭೂತಿ’ಯಾಗಿ ನಮ್ಮ ಜಗಲಿಯ ಮೇಲೆ ತಂದು ಕೂರಿಸಿದಾಗ, ಆತ ಹೇಮಾವತಿಯ ನೀರು ಕುಡಿದೇ ಬೆಳೆದವನಂತೆ ಮಾತಾಡಿದ. ಮೂರ್ತಿರಾಯರ ‘ಹಗಲುಗನಸುಗಳು’ ನನಗೆ ಇವೆಲ್ಲಕ್ಕಿಂತ ಹೆಚ್ಚು ಪ್ರಿಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ; ಈ ಬರಹದ ನಡಿಗೆಯನ್ನು ನೋಡಿದವರು ಯಾರ ಮನೆಯ ಎರವಲೆಂದು ಆಗಲೇ ಗುರುತಿಸಿರುತ್ತಾರೆ.

ಮತ್ತೆ ದರಿಯಾ ದೌಲತ್ತಿಗೆ ಹೋದದ್ದು ಕೆಲಸದಿಂದ ನಿವೃತ್ತನಾದ ವರ್ಷ, ಪೇಟೆಯ ಒಬ್ಬ ಬೋರ್ಡು ಬರೆಯುವವರ ಜೊತೆಯಲ್ಲಿ. ಅಂಗಡಿಯ ಹಲಗೆಗಳನ್ನೂ, ಲಾರಿಗಳ ಹಿಂಬದಿಯ ಹಸುಕರುಗಳನ್ನೂ ನಲವತ್ತು ವರ್ಷ ಬರೆದ ಕೈ ಅವರದು. ಬಹಳ ಹೊತ್ತು ಗೋಡೆಯ ಮುಂದೆ ನಿಂತು, ಒಂದೇ ಅಚ್ಚಿನಲ್ಲಿ ಒತ್ತಿದಂತಿರುವ ಸಿಪಾಯಿಗಳ ಸಾಲನ್ನು ತೋರಿಸಿ, ‘ಇದು ನೋಡ್ಕೊಂಡು ಬರೆದಿದ್ದಲ್ಲ ಸಾರ್, ಗ್ಯಾಪಕದಿಂದ ಬರೆದಿದ್ದು’ ಎಂದರು. ಹೇಗೆ ಗೊತ್ತೆಂದು ಕೇಳಿದೆ. ನೋಡಿಕೊಂಡು ಬರೆಯುವವನ ಕೈ ಅಲ್ಲಲ್ಲಿ ನಿಲ್ಲುತ್ತದೆ, ನೆನಪಿನಿಂದ ಬರೆಯುವವನದು ನಿಲ್ಲುವುದಿಲ್ಲ, ನಿಂತರೆ ಮರೆತುಹೋಗುತ್ತದೆ ಎಂದರು. ಸಾಲುಗಟ್ಟಿದ ಮುಖಗಳು ಮೂಲದಲ್ಲಿಯೂ ಹಾಗೆಯೇ ಇದ್ದಿರಬಹುದು; ಅವರ ತರ್ಕ ಪಂಡಿತರ ಸಭೆಯಲ್ಲಿ ನಿಲ್ಲಲಾರದು. ಆದರೆ ಸುಣ್ಣದ ಗೋಡೆಯ ಮುಂದೆ, ತಾನು ಎಂದೋ ಕಂಡ ಸಾವಿರ ಮುಖಗಳನ್ನು ಮರೆಯುವ ಮುನ್ನ ಬರೆದು ಮುಗಿಸಲು ಅವಸರದಿಂದ ಕೈಯಾಡಿಸುತ್ತಿದ್ದ, ಹೆಸರು ಕೂಡ ಉಳಿಯದ ಆ ಮನುಷ್ಯ ಆ ದಿನ ಮೊದಲ ಬಾರಿಗೆ ನನ್ನ ಕಣ್ಣಿಗೆ ಕಟ್ಟಿದ. ಮಲ್ಲಿತಮ್ಮನಿಗಿಂತ ಅವನು ಕಡಮೆಯವನೆಂದು ನಾನು ಈಗ ಹೇಳಲಾರೆ.

ಇಷ್ಟಾದರೂ ಬಂದ ಕೈಯೆಲ್ಲವನ್ನೂ ಸ್ವಾಗತಿಸುವಷ್ಟು ಉದಾರಿ ನಾನಲ್ಲ. ನಾಗಾಭರಣರು 1992ರಲ್ಲಿ ‘ಮೈಸೂರ ಮಲ್ಲಿಗೆ’ಯನ್ನು ಚಲಚ್ಚಿತ್ರ ಮಾಡಿದಾಗ ಅಕ್ಕಯ್ಯನನ್ನು ಕರೆದುಕೊಂಡು ಹೋಗಿ ನೋಡಿದೆ. ಬಿಡಿ ಬಿಡಿ ಹೂಗಳಂತಿದ್ದ ಪದ್ಯಗಳನ್ನು ಸ್ವಾತಂತ್ರ್ಯದ ಚಳವಳಿಯ ಕತೆಯೊಂದರ ದಾರದಲ್ಲಿ ಪೋಣಿಸಿದುದು ನನಗೆ ರುಚಿಸಲಿಲ್ಲ. ಆ ಪದ್ಯಗಳ ಗಂಡಹೆಂಡಿರಿಗೆ ಕತೆ ಬೇಕಿಲ್ಲ, ಅವರಿಗೆ ಸಂಜೆಯೊಂದು ಸಾಕು. ಆದರೆ ಗಿರೀಶ ಕಾರ್ನಾಡರು ತೆರೆಯ ಮೇಲೆ ಬಂದಾಗ ನಮ್ಮ ತಂದೆಯವರ ಗತ್ತನ್ನು ಎಲ್ಲಿಯೋ ಕಂಡಂತಾಗಿ ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಸಿ. ಅಶ್ವತ್ಥರ ಸಂಗೀತವಂತೂ ಕನ್ನಡನಾಡಿನ ಅಡುಗೆಮನೆಗಳಿಗೆಲ್ಲ ಆಗಲೇ ತಲುಪಿತ್ತು. ಹಿಂದಿರುಗುವಾಗ ಬಸ್ಸಿನಲ್ಲಿ, ಹೇಗಿತ್ತೆಂದು ಕೇಳಿದೆ. ‘ಚೆನ್ನಾಗಿತ್ತು. ಅವರದು ಅವರ ಧಾಟಿ’ ಎಂದಳು.

ಅವಳದು ಅಜ್ಜಿಯ ಧಾಟಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣದ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ಹೇಳಿದಳಷ್ಟೆ; ಅದರ ಕೆಲವು ಸಂಧಿಗಳು ನಮ್ಮ ಅಜ್ಜಿಗೆ ಬಾಯಿಗೆ ಬರುತ್ತಿದ್ದವು. ರಾಗಿ ಬೀಸುವಾಗ, ಮಗು ತೂಗುವಾಗ ಆಕೆ ಹಾಡುತ್ತಿದ್ದ ಆ ಸ್ವರವನ್ನು ಅಕ್ಕಯ್ಯ ನಾಗಮಂಗಲಕ್ಕೆ ಒಯ್ದು, ಕಿಕ್ಕೇರಿಯ ಕವಿಯ ಪದ್ಯಗಳನ್ನು ಅದರೊಳಕ್ಕೆ ಹಿಗ್ಗಿಸಿ ಕುಗ್ಗಿಸಿ ಕೂರಿಸಿದ್ದಳು. ಪುಟದ ಅಂಚಿನ ಸೊನ್ನೆ ಗೆರೆಗಳ ಅರ್ಥ ಅದು. ತಿದ್ದಿದ ಆ ಒಂದು ಮಾತೂ ಬಹುಶಃ ಧಾಟಿಗೆ ಒಗ್ಗದುದಕ್ಕಾಗಿ ತಿದ್ದಿದ್ದಿರಬೇಕು.

ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಹಾಳೆ ಎಲೆಯಡಿಕೆಯ ಬಣ್ಣಕ್ಕೆ ತಿರುಗಿದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ, ಅರವತ್ತು ವರ್ಷಕ್ಕೂ ಹಿಂದೆ ನಾನು ಉಜ್ಜಿದ ಜಾಗದಲ್ಲಿ ಸೀಸದಕಡ್ಡಿ ಊರಿದ ತಗ್ಗು ಕಾಣುತ್ತದೆ. ಮೊದಲ ಅಕ್ಷರ ‘ಮ’ ಇರಬಹುದು, ‘ವ’ ಇರಬಹುದು. ಉಳಿದುದನ್ನು ರಬ್ಬರು ನುಂಗಿದೆ. ಭೂತಗನ್ನಡಿ ಇಟ್ಟು ನೋಡಿದೆ, ಮೊಮ್ಮಗಳ ಕೈಯಲ್ಲಿ ಮೊಬೈಲಿನಿಂದ ಫೋಟೋ ತೆಗೆಸಿ ದೊಡ್ಡದು ಮಾಡಿಸಿ ನೋಡಿದೆ. ಕೊನೆಗೆ ಸೋತು ಮೊನ್ನೆ ಅಕ್ಕಯ್ಯನಿಗೆ ಫೋನು ಮಾಡಿದೆ. ಕಿವಿ ಮಂದವಾಗಿದೆ, ಎರಡು ಸಲ ಕೂಗಿ ಹೇಳಬೇಕಾಯಿತು.

‘ಅಳಿಸ್ದೋನು ನೀನು, ನನ್ನ ಕೇಳ್ತೀಯಲ್ಲೋ!’ ಎಂದಳು.

ಹಾಗಾದರೆ ಗೊತ್ತಿತ್ತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹಾಡಿಯಾದರೂ ತೋರಿಸು, ಅಕ್ಕಯ್ಯ, ಎಂದೆ. ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಮಜ್ಜಿಗೆಯ ಪಾತ್ರೆ ಇಟ್ಟ ಶಬ್ದ ಮಾತ್ರ ಕೇಳಿಸಿತು. ಆಮೇಲೆ ಶುರುಮಾಡಿದಳು, ಅಜ್ಜಿಯ ಧಾಟಿಯಲ್ಲಿಯೇ. ನಾನು ಪೆನ್ಸಿಲು ಹಿಡಿದು ಸಿದ್ಧನಾಗಿದ್ದೆ. ಆ ಸಾಲು ಬಂದಿತು, ಹೋಯಿತು. ಅವಳು ಹಾಡಿದ ಮಾತು ಅಚ್ಚಿನಲ್ಲಿದ್ದುದೂ ಅಲ್ಲ. ‘ಮ’ದಿಂದಲೂ ‘ವ’ದಿಂದಲೂ ಅದು ಮೊದಲಾಗುವುದೂ ಇಲ್ಲ.